ಹೆದ್ದಾರಿ ನಿಧಿಯ ಹಣ ಮತ್ತು ಟೆಕ್ಸಾಸ್ ಸಂವಿಧಾನ

ಪ್ರಶ್ನೆ: ನಾನು ಮೂಲತಃ ದಾವಣಗೆರೆ ಜಿಲ್ಲೆಯವನು. ಹಲವು ವರ್ಷಗಳಿಂದ ಡಲ್ಲಾಸ್ ಉತ್ತರದ ಊರೊಂದರಲ್ಲಿ ನೆಲೆಸಿದ್ದೇನೆ, ಈಚೆಗೆ ಪೌರತ್ವವೂ ದೊರೆತಿದೆ. ಇಲ್ಲಿ ಪೆಟ್ರೋಲ್ ತೆರಿಗೆಯ ಹಣವನ್ನು ರಸ್ತೆಗೆ ಬಿಟ್ಟು ಬೇರೆಯದಕ್ಕೆ ಬಳಸಬಾರದು ಎಂದು ರಾಜ್ಯದ ಸಂವಿಧಾನದಲ್ಲೇ ಬರೆದಿದ್ದಾರಂತೆ. ಅದನ್ನು ತಿದ್ದಿ ಬಸ್ಸು, ರೈಲುಗಳಿಗೂ ಹಣ ಸಿಗುವಂತೆ ಮಾಡಬೇಕೆಂದು ಕೆಲವರು, ಇರುವ ಮೀಸಲನ್ನು ಇನ್ನೂ ಬಿಗಿಗೊಳಿಸಬೇಕೆಂದು ಕೆಲವರು ಹೇಳುತ್ತಾರೆ. ಇಂಥ ವಿಷಯ ಸಂವಿಧಾನದಲ್ಲಿ ಏಕಿರಬೇಕು? ಇಂಥ ತಿದ್ದುಪಡಿಯೊಂದು ಮತಕ್ಕೆ ಬಂದಾಗ ನಾನು ಏನನ್ನು ನೋಡಿ ತೀರ್ಮಾನಿಸಬೇಕು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ನೇರವಾಗಿ ಉತ್ತರಿಸುತ್ತೇನೆ. ಹಣ ಯಾವ ಮೂಲದಿಂದ ಬರುತ್ತದೆ, ಯಾವ ಉದ್ದೇಶಕ್ಕೆ ಸೀಮಿತವಾಗುತ್ತದೆ, ಎಷ್ಟು ಕಾಲದವರೆಗೆ ಸೀಮಿತವಾಗಿರುತ್ತದೆ ಎಂಬ ಮೂರು ಅಂಶಗಳನ್ನು ಬೇರೆಬೇರೆಯಾಗಿ ನೋಡಿ. ಮತಪತ್ರದ ಮೇಲಿನ ಒಂದು ವಾಕ್ಯದಲ್ಲಿ ಈ ಮೂರೂ ಬೆರೆತು ಹೋಗಿರುತ್ತವೆ, ಕೆಲವೊಮ್ಮೆ ಎರಡು ಕಾಣುವುದೇ ಇಲ್ಲ. ಹಣ ಎಲ್ಲಿಗೆ ಹೋಗಬೇಕೆಂಬುದನ್ನು ಸಂವಿಧಾನ ಗೊತ್ತುಮಾಡಬಲ್ಲದು. ಆ ಹಣ ಸಾಕಾಗುವಷ್ಟು ಇರುತ್ತದೆಂಬ ಖಾತರಿಯನ್ನು ಅದು ಕೊಡಲಾರದು. ಟೆಕ್ಸಾಸ್ ಹೆದ್ದಾರಿ ನಿಧಿಯ ಸುಮಾರು ಎಂಬತ್ತು ವರ್ಷಗಳ ಅನುಭವ ಇದನ್ನೇ ತೋರಿಸುತ್ತದೆ. ಹೀಗಾಗಿ, ಉದ್ದೇಶವನ್ನು ವಿಶಾಲವಾಗಿ ಬರೆದು ಮೊತ್ತಕ್ಕೆ ಕಾಲಮಿತಿ ಇಡುವ ತಿದ್ದುಪಡಿಯನ್ನು ನಾನು ಬೆಂಬಲಿಸುತ್ತೇನೆ. ಉದ್ದೇಶವನ್ನು ಸಂಕುಚಿತವಾಗಿ ಬರೆದು ಮೊತ್ತವನ್ನು ಎಂದೆಂದಿಗೂ ಕಟ್ಟಿಹಾಕುವ ತಿದ್ದುಪಡಿಯ ಬಗ್ಗೆ ನನಗೆ ಆತಂಕವಿದೆ. ಈ ನಿಲುವಿಗೆ ಕಾರಣಗಳನ್ನು ಇತಿಹಾಸದಿಂದಲೇ ಹೇಳಬೇಕಾಗುತ್ತದೆ.

ಭಾರತದಲ್ಲಿ ಬೆಳೆದವರಿಗೆ ರಾಜ್ಯಕ್ಕೊಂದು ಸಂವಿಧಾನ ಎಂಬುದೇ ಹೊಸದಾಗಿ ಕಾಣುತ್ತದೆ. ಟೆಕ್ಸಾಸ್‌ನ ಈಗಿನ ಸಂವಿಧಾನ 1876ರದು. ಅಧಿಕಾರಸ್ಥರ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ದಾಖಲೆ ಅದು. ಸಾಮಾನ್ಯ ಕಾನೂನಿನಲ್ಲಿ ಇರಬಹುದಾದ ಎಷ್ಟೋ ವಿವರಗಳು ಅದರೊಳಗೆ ಸೇರಿಕೊಂಡಿರುವುದರಿಂದ ಈವರೆಗೆ ಅದಕ್ಕೆ 500ಕ್ಕೂ ಹೆಚ್ಚು ತಿದ್ದುಪಡಿಗಳಾಗಿವೆ. ತಿದ್ದುಪಡಿ ಮಾಡಬೇಕಾದರೆ ಶಾಸಕಾಂಗದ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಎಂದರೆ 150 ಸದಸ್ಯರ ಕೆಳಮನೆಯಲ್ಲಿ 100 ಮತ, 31 ಸದಸ್ಯರ ಸೆನೆಟ್‌ನಲ್ಲಿ 21 ಮತ. ರಾಜ್ಯಪಾಲರ ಸಹಿಯ ಅಗತ್ಯವಿಲ್ಲ, ಅವರು ತಡೆಯುವಂತೆಯೂ ಇಲ್ಲ. ನಂತರ ಮತದಾರರ ಸರಳ ಬಹುಮತ ಸಿಕ್ಕರೆ ತಿದ್ದುಪಡಿ ಜಾರಿಗೆ ಬರುತ್ತದೆ.

ಇದು ಸಂವಿಧಾನಕ್ಕೇ ಏಕೆ ಹೋಯಿತು ಎಂಬುದಕ್ಕೆ ಕಾರಣ ಸರಳವಾದದ್ದು. ಒಂದು ಶಾಸಕಾಂಗ ತನ್ನ ನಂತರ ಬರುವ ಶಾಸಕಾಂಗದ ಕೈ ಕಟ್ಟಲಾರದು. ಇಂದು ಕಾನೂನು ಮಾಡಿ ‘ಈ ಹಣ ರಸ್ತೆಗೆ’ ಎಂದರೆ, ಎರಡು ವರ್ಷದ ನಂತರ ಬಜೆಟ್ಟಿಗೆ ಕೊರತೆ ಬಿದ್ದಾಗ ಅದೇ ಕಾನೂನನ್ನು ಸರಳ ಬಹುಮತದಿಂದ ಬದಲಿಸಬಹುದು. ಟೆಕ್ಸಾಸ್‌ನಲ್ಲಿ ಹೆದ್ದಾರಿ ಇಲಾಖೆ ಹುಟ್ಟಿದ್ದು 1917ರಲ್ಲಿ. ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 1 ಸೆಂಟ್ ತೆರಿಗೆ ಬಂದದ್ದು 1923ರಲ್ಲಿ. ವಾಹನಗಳು ಹೆಚ್ಚಿದಂತೆ ಈ ತೆರಿಗೆ ಸಮೃದ್ಧವಾಗಿ ಬೆಳೆಯಿತು, ಬೆಳೆದ ಹಣದ ಮೇಲೆ ಬೇರೆ ಇಲಾಖೆಗಳ ಕಣ್ಣೂ ಬಿತ್ತು. ಆರ್ಥಿಕ ಮುಗ್ಗಟ್ಟಿನ 1930ರ ದಶಕದಲ್ಲಿ ಹಲವು ರಾಜ್ಯಗಳು ಪೆಟ್ರೋಲ್ ತೆರಿಗೆಯನ್ನು ಸಾಮಾನ್ಯ ವೆಚ್ಚಕ್ಕೆ ತಿರುಗಿಸಿದ್ದವು. ಅದರ ಪ್ರತಿಕ್ರಿಯೆಯಾಗಿ 1938ರಲ್ಲಿ ಕ್ಯಾಲಿಫೋರ್ನಿಯ ಮತ್ತು ನ್ಯೂ ಹ್ಯಾಂಪ್‌ಶೈರ್, 1944ರಲ್ಲಿ ವಾಷಿಂಗ್ಟನ್ ರಾಜ್ಯ, 1946ರಲ್ಲಿ ಟೆಕ್ಸಾಸ್ ತಮ್ಮ ಸಂವಿಧಾನಗಳಲ್ಲಿ ಈ ಹಣವನ್ನು ರಸ್ತೆಗೆ ಮೀಸಲಿಟ್ಟವು. ರಸ್ತೆ ಬಳಸುವವನು ಕೊಟ್ಟ ಹಣ ರಸ್ತೆಗೇ ಮರಳಬೇಕು ಎಂಬ ವಾದಕ್ಕೆ ಆಗ ಗಟ್ಟಿಯಾದ ನೈತಿಕ ಬೆಂಬಲವಿತ್ತು. ಡಾಂಬರು ಕಾಣದ ಹಳ್ಳಿ ದಾರಿಗಳಲ್ಲಿ ಬೆಳೆದ ರೈತರಿಗೆ ಅದು ನ್ಯಾಯದ ಪ್ರಶ್ನೆಯಾಗಿತ್ತು, ಅದನ್ನು ಇಂದಿನ ನಮ್ಮ ಸೌಕರ್ಯದಲ್ಲಿ ಕುಳಿತು ಹಗುರವಾಗಿ ನೋಡಬಾರದು.

ಟೆಕ್ಸಾಸ್‌ನ 1946ರ ತಿದ್ದುಪಡಿ ಸಂವಿಧಾನದ 8ನೇ ವಿಧಿಯ 7-ಎ ಪ್ರಕರಣವಾಗಿ ಸೇರಿದೆ. ಅದನ್ನು ಎಚ್ಚರಿಕೆಯಿಂದ ಓದಬೇಕು. ವಾಹನ ನೋಂದಣಿ ಶುಲ್ಕ ಮತ್ತು ಮೋಟಾರು ಇಂಧನ ಹಾಗೂ ಎಣ್ಣೆಗಳ ಮೇಲಿನ ತೆರಿಗೆಯಿಂದ ಬರುವ ‘ನಿವ್ವಳ’ ವರಮಾನವನ್ನು ಸಾರ್ವಜನಿಕ ರಸ್ತೆಗಳಿಗೆ ಜಾಗ ಕೊಳ್ಳಲು, ರಸ್ತೆ ಕಟ್ಟಲು, ಕಾಪಾಡಲು, ಅವುಗಳಲ್ಲಿ ಪೊಲೀಸ್ ವ್ಯವಸ್ಥೆ ಇಡಲು ಮತ್ತು ಸಂಚಾರ ಸುರಕ್ಷತೆಯ ಕಾನೂನುಗಳನ್ನು ನಡೆಸಲು ಮಾತ್ರ ಬಳಸಬೇಕೆಂದು ಅದು ಹೇಳುತ್ತದೆ. ಇಂಧನ ತೆರಿಗೆಯಲ್ಲಿ ಕಾಲು ಭಾಗ ಮಾತ್ರ ರಾಜ್ಯದ ಶಾಲಾ ನಿಧಿಗೆ ಹೋಗುತ್ತದೆ. ಈ ಕಾಲು ಭಾಗದ ಹಿಂದೆ ಇನ್ನೂ ಹಳೆಯ ಕಟ್ಟಳೆಯಿದೆ: ಉದ್ಯೋಗ ವ್ಯವಹಾರಗಳ ಮೇಲಿನ ತೆರಿಗೆಗಳಲ್ಲಿ ನಾಲ್ಕನೇ ಒಂದು ಭಾಗ ಶಾಲೆಗಳದು ಎಂದು ಸಂವಿಧಾನದ 7ನೇ ವಿಧಿ ಮೊದಲೇ ಹೇಳಿತ್ತು, ಇಂಧನ ತೆರಿಗೆಯನ್ನೂ ಆ ಗುಂಪಿಗೇ ಸೇರಿಸಲಾಗಿತ್ತು. ಹೀಗಾಗಿ ಇಂದು ನೀವು ಬಂಕಿನಲ್ಲಿ ಗ್ಯಾಲನ್ನಿಗೆ ಕೊಡುವ 20 ಸೆಂಟ್ ರಾಜ್ಯ ತೆರಿಗೆಯಲ್ಲಿ ಸುಮಾರು 15 ಸೆಂಟ್ ಹೆದ್ದಾರಿ ನಿಧಿಗೂ 5 ಸೆಂಟ್ ಶಾಲೆಗೂ ಹೋಗುತ್ತದೆ. 1988ರಲ್ಲಿ 7-ಬಿ ಎಂಬ ಇನ್ನೊಂದು ಪ್ರಕರಣ ಸೇರಿ, ಈ ಮೀಸಲು ಹಣದಿಂದ ಮಾಡಿದ ವೆಚ್ಚಕ್ಕೆ ಬದಲಾಗಿ ಒಕ್ಕೂಟ ಸರ್ಕಾರ ಮರಳಿಸುವ ಹಣವೂ ಅದೇ ಉದ್ದೇಶಕ್ಕೆ ಮೀಸಲಾಯಿತು.

ಇಲ್ಲಿ ಎರಡು ಅಂಶಗಳು ಮುಖ್ಯವಾಗುತ್ತವೆ. ‘ನಿವ್ವಳ’ ಎಂದರೆ ಕಾನೂನು ಒಪ್ಪುವ ಮರುಪಾವತಿ ಮತ್ತು ವಸೂಲಿ ವೆಚ್ಚಗಳನ್ನು ಕಳೆದ ಮೇಲೆ ಉಳಿಯುವುದು. ಮರುಪಾವತಿ ಯಾರಿಗೆ, ಎಷ್ಟು ಎಂಬುದನ್ನು ಶಾಸಕಾಂಗ ಸಾಮಾನ್ಯ ಕಾನೂನಿನಿಂದಲೇ ನಿರ್ಧರಿಸುತ್ತದೆ. ಸಂವಿಧಾನವನ್ನು ಮುಟ್ಟದೆಯೇ ನಿಧಿಯ ಗಾತ್ರವನ್ನು ಬದಲಿಸುವ ದಾರಿ ಇದು. ಇನ್ನೊಂದು ಅಂಶ ಪೊಲೀಸ್ ವ್ಯವಸ್ಥೆಗೆ ಸಂಬಂಧಿಸಿದ್ದು. ಹೆದ್ದಾರಿ ಗಸ್ತಿನ ಹೆಸರಿನಲ್ಲಿ ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಗೆ ಈ ನಿಧಿಯಿಂದ ದಶಕಗಳ ಕಾಲ ದೊಡ್ಡ ಮೊತ್ತ ಹೋಗುತ್ತಿತ್ತು. ‘ರಸ್ತೆಯ ಹಣ ಬೇರೆಡೆ ಹೋಗುತ್ತಿದೆ’ ಎಂಬ ಕೂಗು ಎದ್ದದ್ದೂ ಮುಖ್ಯವಾಗಿ ಇದರ ಬಗ್ಗೆಯೇ. ಸಂವಿಧಾನದ ಉಲ್ಲಂಘನೆಯೇನೂ ಆಗಿರಲಿಲ್ಲ, ಅಲ್ಲಿಯೇ ಅನುಮತಿಯಿತ್ತು. 2015ರಲ್ಲಿ ಶಾಸಕಾಂಗ ಈ ವರ್ಗಾವಣೆಯನ್ನು ನಿಲ್ಲಿಸಿದಾಗಲೂ ಸಂವಿಧಾನವನ್ನು ಬದಲಿಸಲಿಲ್ಲ, ಬಜೆಟ್ಟಿನ ತೀರ್ಮಾನದಿಂದ ನಿಲ್ಲಿಸಿತು. ಬೇಕೆನಿಸಿದರೆ ಮುಂದೊಂದು ಶಾಸಕಾಂಗ ಅದನ್ನು ಮತ್ತೆ ತೆರೆಯಬಹುದು. ಸಂವಿಧಾನದಲ್ಲಿ ಬರೆದ ಮಾತ್ರಕ್ಕೆ ರಾಜಕೀಯ ನಿರ್ಧಾರದ ಅಗತ್ಯ ತಪ್ಪುವುದಿಲ್ಲ.

ಇನ್ನು ಸಾಕಾಗುವಿಕೆಯ ಪ್ರಶ್ನೆ. ಆ 20 ಸೆಂಟ್ ದರ 1991ರಿಂದ ಒಂದೇ ಇದೆ. ಒಕ್ಕೂಟ ಸರ್ಕಾರದ 18.4 ಸೆಂಟ್ ದರವೂ 1993ರಿಂದ ಬದಲಾಗಿಲ್ಲ. ಇದು ಬೆಲೆಯ ಮೇಲೆ ಶೇಕಡಾವಾರು ಹಾಕುವ ತೆರಿಗೆಯಲ್ಲ, ಅಳತೆಯ ಮೇಲೆ ಹಾಕುವ ತೆರಿಗೆ. ಪೆಟ್ರೋಲಿನ ಬೆಲೆ ದುಪ್ಪಟ್ಟಾದರೂ ಸರ್ಕಾರಕ್ಕೆ ಒಂದು ಸೆಂಟ್ ಹೆಚ್ಚು ಬರುವುದಿಲ್ಲ. 1991ರಿಂದ ಈಚಿನ ಹಣದುಬ್ಬರದಲ್ಲಿ ಆ 20 ಸೆಂಟಿನ ಕೊಳ್ಳುವ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಿದೆ. ಡಾಂಬರು, ಸಿಮೆಂಟು, ಉಕ್ಕು, ಕೂಲಿ ಎಲ್ಲವೂ ಏರಿವೆ. ಅದೇ ಕಾಲದಲ್ಲಿ ಕಾರುಗಳು ಒಂದು ಗ್ಯಾಲನ್ನಿಗೆ ಹೆಚ್ಚು ದೂರ ಓಡತೊಡಗಿದವು, ಜನಸಂಖ್ಯೆ ವೇಗವಾಗಿ ಬೆಳೆಯಿತು. ಸಂವಿಧಾನ ಒಂದಿಷ್ಟೂ ಸಡಿಲವಾಗದೆ ಉಳಿದಿದ್ದಾಗಲೇ ನಿಧಿ ಒಳಗಿನಿಂದ ಸೊರಗಿತು. ತೆರಿಗೆ ಏರಿಸುವ ಧೈರ್ಯ ಶಾಸಕಾಂಗಕ್ಕೆ ಬರಲಿಲ್ಲ.

ಆ ಧೈರ್ಯದ ಬದಲಿಗೆ ಬಂದದ್ದು ಸಾಲ ಮತ್ತು ಟೋಲ್. 2001ರಲ್ಲಿ ಟೆಕ್ಸಾಸ್ ಮೊಬಿಲಿಟಿ ಫಂಡ್ ಎಂಬ ನಿಧಿಗೂ ಟೋಲ್ ರಸ್ತೆಗಳಲ್ಲಿ ರಾಜ್ಯ ಹಣ ಹಾಕುವುದಕ್ಕೂ, 2003ರಲ್ಲಿ ಹೆದ್ದಾರಿ ನಿಧಿಯ ಆಧಾರದ ಮೇಲೆ ಬಾಂಡ್ ಹೊರಡಿಸುವುದಕ್ಕೂ, 2007ರಲ್ಲಿ 500 ಕೋಟಿ ಡಾಲರ್‌ವರೆಗಿನ ಸಾಲಕ್ಕೂ ಮತದಾರರು ತಿದ್ದುಪಡಿಗಳ ಮೂಲಕ ಒಪ್ಪಿಗೆ ಕೊಟ್ಟರು. ಮುಂದಿನ ವರ್ಷಗಳ ತೆರಿಗೆಯನ್ನು ಇಂದೇ ಖರ್ಚು ಮಾಡುವ ಕ್ರಮ ಅದು. ಅದರ ಬಡ್ಡಿಯ ಹೊರೆ ಮುಂದಿನ ದಶಕದ ರಾಜಕೀಯವನ್ನು ನಿರ್ಧರಿಸಿತು.

ಜನರಿಗೆ ಟೋಲ್ ಮತ್ತು ಸಾಲಗಳ ಬಗ್ಗೆ ಬೇಸರ ಬಂದ ಮೇಲೆ, 2014 ಮತ್ತು 2015ರಲ್ಲಿ ಎರಡು ದೊಡ್ಡ ತಿದ್ದುಪಡಿಗಳು ಬಂದವು. ಇವುಗಳ ರಚನೆ ಅರ್ಥವಾದರೆ ಮುಂದಿನ ಯಾವ ಪ್ರಸ್ತಾವವನ್ನಾದರೂ ನೀವೇ ಅಳೆಯಬಹುದು.

ಟೆಕ್ಸಾಸ್‌ನಲ್ಲಿ ‘ರೈನಿ ಡೇ ಫಂಡ್’ ಎಂದು ಎಲ್ಲರೂ ಕರೆಯುವ ಆಪತ್ಕಾಲದ ನಿಧಿಯೊಂದಿದೆ. ತೈಲ ಮತ್ತು ನೈಸರ್ಗಿಕ ಅನಿಲ ತೆಗೆಯುವುದರ ಮೇಲಿನ ತೆರಿಗೆ 1987ರಲ್ಲಿ ಎಷ್ಟು ಬಂದಿತ್ತೋ ಅದನ್ನು ಮೀರಿದ ಮೊತ್ತದ ಮುಕ್ಕಾಲು ಪಾಲು ಈ ನಿಧಿಗೆ ಹೋಗುತ್ತಿತ್ತು. 2014ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪ್ರಸ್ತಾವ 1, ಆ ಮುಕ್ಕಾಲು ಪಾಲಿನಲ್ಲಿ ಅರ್ಧದವರೆಗೆ ಹೆದ್ದಾರಿ ನಿಧಿಗೆ ಕೊಡಬಹುದೆಂದು ಹೇಳಿತು. ಆಪತ್ಕಾಲದ ನಿಧಿಗೆ ಕನಿಷ್ಠ ಅರ್ಧ ಹೋಗಲೇಬೇಕು, ಈ ಹಣವನ್ನು ಟೋಲ್ ರಸ್ತೆಗೆ ಬಳಸುವಂತಿಲ್ಲ. ಮತ ಹಾಕಿದವರಲ್ಲಿ ಸುಮಾರು ಶೇ. 80 ಮಂದಿ ಒಪ್ಪಿದರು. ಆದರೆ ತೈಲದ ಹಣಕ್ಕೆ ತೈಲದ ಸ್ವಭಾವವೇ ಇರುತ್ತದೆ. 2014ರ ಕೊನೆಯಲ್ಲಿ ನಡೆದ ಮೊದಲ ವರ್ಗಾವಣೆ ಸುಮಾರು 174 ಕೋಟಿ ಡಾಲರ್. ತೈಲದ ಬೆಲೆ ಕುಸಿದ ಮೇಲೆ 2016ರಲ್ಲಿ ಅದು ಸುಮಾರು 44 ಕೋಟಿಗೆ ಇಳಿಯಿತು. ಬೆಲೆ ಏರಿದ 2022ರಲ್ಲಿ 360 ಕೋಟಿಯ ಆಸುಪಾಸಿಗೆ ಜಿಗಿಯಿತು. ಹತ್ತು ವರ್ಷದ ಯೋಜನೆ ಹಾಕಬೇಕಾದ ಸಾರಿಗೆ ಇಲಾಖೆಗೆ ಹೀಗೆ ಏರಿಳಿಯುವ ವರಮಾನದ ಮೇಲೆ ಸೇತುವೆಯ ಟೆಂಡರ್ ಕರೆಯುವುದು ಎಷ್ಟು ಕಷ್ಟವೆಂದು ಲೆಕ್ಕಪತ್ರ ನೋಡಿದ ಯಾರಿಗಾದರೂ ತಿಳಿಯುತ್ತದೆ.

2015ರ ಪ್ರಸ್ತಾವ 7 ಇದಕ್ಕಿಂತ ಸ್ಥಿರವಾದ ಮೂಲವನ್ನು ಹಿಡಿಯಿತು. ಟೆಕ್ಸಾಸ್‌ನಲ್ಲಿ ವ್ಯಕ್ತಿಗಳ ಆದಾಯ ತೆರಿಗೆ ಇಲ್ಲ. ರಾಜ್ಯದ ಖಜಾನೆ ನಿಂತಿರುವುದು ಮುಖ್ಯವಾಗಿ ಶೇ. 6.25ರ ಮಾರಾಟ ತೆರಿಗೆಯ ಮೇಲೆ. ಒಂದು ಹಣಕಾಸು ವರ್ಷದಲ್ಲಿ ಮಾರಾಟ ತೆರಿಗೆಯ ಮೊದಲ 2,800 ಕೋಟಿ ಡಾಲರ್ ಎಂದಿನಂತೆ ಖಜಾನೆಗೆ ಬಂದ ಮೇಲೆ, ಅದರ ನಂತರದ 250 ಕೋಟಿ ಡಾಲರ್ ಹೆದ್ದಾರಿ ನಿಧಿಗೆ ಹೋಗಬೇಕೆಂದು ಈ ತಿದ್ದುಪಡಿ ವಿಧಿಸಿತು. ಇದು 2017ರ ಸೆಪ್ಟೆಂಬರಿನಿಂದ ಜಾರಿಗೆ ಬಂತು. ಇದರ ಜೊತೆಗೆ, 2019ರ ಸೆಪ್ಟೆಂಬರಿನಿಂದ, ವಾಹನ ಮಾರಾಟದ ತೆರಿಗೆ ವರ್ಷಕ್ಕೆ 500 ಕೋಟಿ ಡಾಲರ್ ಮೀರಿದರೆ ಮೀರಿದ ಭಾಗದ ಶೇ. 35 ಇದೇ ನಿಧಿಗೆ ಸೇರಬೇಕು. ಈ ಹಣ ಟೋಲ್ ಇಲ್ಲದ ರಸ್ತೆಗಳಿಗೆ ಮತ್ತು ಹಿಂದೆ ಮಾಡಿದ ಸಾಲದ ತೀರಿಕೆಗೆ ಮಾತ್ರ.

ಈ ಎರಡು ಸೂತ್ರಗಳ ನಡತೆ ಒಂದೇ ಅಲ್ಲ. ಮಾರಾಟ ತೆರಿಗೆಯ 250 ಕೋಟಿ ನಿಶ್ಚಿತ ಮೊತ್ತ. ರಾಜ್ಯದ ಆರ್ಥಿಕತೆ ಎಷ್ಟೇ ಬೆಳೆದರೂ ಅದು ಬೆಳೆಯುವುದಿಲ್ಲ, ಹಣದುಬ್ಬರದಲ್ಲಿ ವರ್ಷ ವರ್ಷ ಕರಗುತ್ತದೆ. ವಾಹನ ತೆರಿಗೆಯ ಪಾಲಿಗೆ ಮೇಲ್ಮಿತಿಯಿಲ್ಲ, ಆದರೆ ಕಾರು ಮಾರಾಟ ಕುಗ್ಗಿದ ವರ್ಷದಲ್ಲಿ ಅದು ಶೂನ್ಯವೂ ಆಗಬಹುದು. ಹೀಗೆ, ನೋಂದಣಿ ಶುಲ್ಕವಲ್ಲದೆ, ಒಂದು ನಿಧಿಗೆ ನಾಲ್ಕು ಬಗೆಯ ತೆರಿಗೆ ಹಣ ಬರುತ್ತಿದೆ: ಗ್ಯಾಲನ್ ಲೆಕ್ಕದ್ದು, ತೈಲದ ಬೆಲೆಯನ್ನು ಹಿಂಬಾಲಿಸುವುದು, ನಿಶ್ಚಿತ ಮೊತ್ತದ್ದು, ಮಿತಿ ಮೀರಿದ ಮೇಲಿನ ಶೇಕಡಾವಾರು. ಮುಂದೆ ಬರುವ ಪ್ರಸ್ತಾವ ಇವುಗಳಲ್ಲಿ ಯಾವುದನ್ನು ಮುಟ್ಟುತ್ತದೆ ಎಂಬುದೇ ನೀವು ಕೇಳಬೇಕಾದ ಮೊದಲ ಪ್ರಶ್ನೆ.

ಪ್ರಸ್ತಾವ 7ರಲ್ಲಿ ನನಗೆ ಮೆಚ್ಚುಗೆಯಾದ ಒಂದು ವ್ಯವಸ್ಥೆಯಿದೆ. 1946ರ ತಿದ್ದುಪಡಿಗೆ ಕೊನೆಯ ದಿನಾಂಕ ಇರಲಿಲ್ಲ. ಪ್ರಸ್ತಾವ 7ಕ್ಕೆ ಇತ್ತು: ಮತದಾರರು ಒಪ್ಪಿದ ಮೂಲ ಪಠ್ಯದ ಪ್ರಕಾರ ವಾಹನ ತೆರಿಗೆಯ ಭಾಗ 2029ರ ಆಗಸ್ಟಿಗೆ, ಮಾರಾಟ ತೆರಿಗೆಯ ಭಾಗ 2032ರ ಆಗಸ್ಟಿಗೆ ಮುಗಿಯಬೇಕು. ಶಾಸಕಾಂಗ ಸರಳ ಬಹುಮತದ ನಿರ್ಣಯದಿಂದ ಹತ್ತು ಹತ್ತು ವರ್ಷ ಮುಂದುವರಿಸಬಹುದು. ತೀರಾ ಅಗತ್ಯಬಿದ್ದರೆ ಮೂರನೇ ಎರಡರಷ್ಟು ಬಹುಮತದಿಂದ ಒಂದು ವರ್ಷದ ವರ್ಗಾವಣೆಯನ್ನು ಅರ್ಧದವರೆಗೆ ಕಡಿಮೆ ಮಾಡಬಹುದು. ಬಿಗಿಯೂ ಉಂಟು, ಆಪತ್ತಿಗೆ ಬಾಗಿಲೂ ಉಂಟು, ಒಂದು ತಲೆಮಾರಿಗೊಮ್ಮೆಯಾದರೂ ಮತ್ತೆ ಯೋಚಿಸಬೇಕಾದ ಒತ್ತಾಯವೂ ಉಂಟು. ಆದರೆ ಮತಪತ್ರದಲ್ಲಿ ಇದ್ದದ್ದೇನು? ಕೆಲವು ಮಾರಾಟ ತೆರಿಗೆ ಮತ್ತು ವಾಹನ ತೆರಿಗೆಯ ವರಮಾನವನ್ನು ಟೋಲ್ ಇಲ್ಲದ ರಸ್ತೆಗಳಿಗೂ ಸಾರಿಗೆ ಸಾಲದ ಇಳಿಕೆಗೂ ಹೆದ್ದಾರಿ ನಿಧಿಗೆ ಮೀಸಲಿಡುವ ತಿದ್ದುಪಡಿ ಎಂಬ ಒಂದು ವಾಕ್ಯ ಮಾತ್ರ. 2,800 ಕೋಟಿಯ ಮಿತಿಯಾಗಲಿ, ಮುಕ್ತಾಯದ ವರ್ಷವಾಗಲಿ, ಅರ್ಧ ಕಡಿತದ ಅಧಿಕಾರವಾಗಲಿ ಅಲ್ಲಿ ಕಾಣಲಿಲ್ಲ. ಮತ ಹಾಕಿದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಒಪ್ಪಿದರು, ಆದರೆ ಆ ಚುನಾವಣೆಗೆ ಬಂದವರು ನೋಂದಾಯಿತ ಮತದಾರರಲ್ಲಿ ಹತ್ತಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬೆಸ ವರ್ಷದ ನವೆಂಬರಿನ ಮತದಾನವನ್ನು ನೀವು ತಪ್ಪಿಸಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಸಂವಿಧಾನದಲ್ಲಿ ಬರೆದದ್ದನ್ನೂ ದಾಟುವ ಉಪಾಯಗಳಿರುತ್ತವೆ. ಪ್ರಸ್ತಾವ 7ರ ಹಣ ಹರಿಯತೊಡಗುವ ಮೊದಲೇ, 2017ರ ಅಧಿವೇಶನದಲ್ಲಿ ಬಜೆಟ್ ಬಿಗಿಯಾದಾಗ, ಶಾಸಕಾಂಗ ಹೆದ್ದಾರಿ ನಿಧಿಗೆ ಹೋಗಬೇಕಾದ ಸುಮಾರು 180 ಕೋಟಿ ಡಾಲರಿನ ಜಮೆಯನ್ನು ಹಣಕಾಸು ವರ್ಷದ ಕೊನೆಯ ತಿಂಗಳಾದ ಆಗಸ್ಟಿನಿಂದ ಸೆಪ್ಟೆಂಬರಿಗೆ ತಳ್ಳಿತು. ಒಂದು ತಿಂಗಳ ವಿಳಂಬದಿಂದ ಆ ಮೊತ್ತ ಮುಂದಿನ ಎರಡು ವರ್ಷಗಳ ಬಜೆಟ್ಟಿಗೆ ಜಾರಿತು, ಆಗಿನ ಬಜೆಟ್ ಕಾಗದದ ಮೇಲೆ ಸರಿದೂಗಿತು. ಮತದಾರರ ಆಶಯಕ್ಕೆ ಇದು ವಿರುದ್ಧವೆಂದು ಕೆಳಮನೆಯಲ್ಲಿ ತೀವ್ರ ಆಕ್ಷೇಪ ಬಂದರೂ ಕ್ರಮ ಉಳಿಯಿತು. ಎಷ್ಟು ಎಂದು ಬರೆದಾಗ ಯಾವಾಗ ಎಂದೂ ಬರೆಯಬೇಕೆಂಬುದು ಕರಡು ತಯಾರಿಸುವವರಿಗೆ ಇಲ್ಲಿನ ಪಾಠ.

ಇದಕ್ಕಿಂತ ಆಳವಾದ ಸಮಸ್ಯೆ ಇನ್ನೊಂದಿದೆ. ಮಾರಾಟ ತೆರಿಗೆಯಿಂದ 250 ಕೋಟಿ ರಸ್ತೆಗೆ ಹೋದರೆ, ಅದೇ 250 ಕೋಟಿ ಶಾಲೆ, ಆಸ್ಪತ್ರೆ, ಜೈಲು, ವಿಶ್ವವಿದ್ಯಾಲಯಗಳ ಪಾಲಿನ ಸಾಮಾನ್ಯ ಖಜಾನೆಯಿಂದ ಹೋಗುತ್ತದೆ. ಇಂಧನ ತೆರಿಗೆಯನ್ನು ರಸ್ತೆಗೆ ಮೀಸಲಿಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ರಸ್ತೆ ಬಳಸುವವರು ಕೊಟ್ಟ ಹಣ ರಸ್ತೆಗೆ ಎಂಬ 1946ರ ತರ್ಕ 2015ರಲ್ಲಿ ಉಳಿದಿಲ್ಲ; ಕಾರಿಲ್ಲದ ವ್ಯಕ್ತಿ ಪೆನ್ನು ಕೊಂಡಾಗ ಕೊಟ್ಟ ತೆರಿಗೆಯೂ ಅದರಲ್ಲಿ ಸೇರಿದೆ. ಹಣದ ಮೂಲ ಎಲ್ಲರದು ಎಂದಾದ ಮೇಲೆ ಉದ್ದೇಶವನ್ನು ಮಾತ್ರ ವಾಹನ ಓಡಿಸುವವರ ರಸ್ತೆಗೆ ಸೀಮಿತಗೊಳಿಸುವುದು ನ್ಯಾಯವೆನಿಸುವುದಿಲ್ಲ. ನಿಮ್ಮ ಮೂಲ ಪ್ರಶ್ನೆಯಲ್ಲಿರುವ ಬಸ್ಸು-ರೈಲಿನ ಬೇಡಿಕೆಗೆ ಸಿಗುವ ಅತ್ಯಂತ ಬಲವಾದ ಸಮರ್ಥನೆ ಇದೇ ಎಂದು ನನಗನಿಸುತ್ತದೆ.

ನೋಂದಣಿ ಶುಲ್ಕ ಮತ್ತು ಇಂಧನ ತೆರಿಗೆಯ ಬಳಕೆಯ ವ್ಯಾಪ್ತಿಯನ್ನು ಸಾರ್ವಜನಿಕ ಸಾರಿಗೆಗೂ ಹಿಗ್ಗಿಸುವ ಜಂಟಿ ನಿರ್ಣಯಗಳು (ಎರಡೂ ಸದನಗಳು ಒಪ್ಪಬೇಕಾದ ತಿದ್ದುಪಡಿಯ ಕರಡುಗಳು) ಟೆಕ್ಸಾಸ್ ಶಾಸಕಾಂಗದಲ್ಲಿ ಹಲವು ಅಧಿವೇಶನಗಳಲ್ಲಿ ಮಂಡನೆಯಾಗಿವೆ, ಆದರೆ ಮತದಾರರವರೆಗೆ ಬಂದಿಲ್ಲ. ಇಲ್ಲಿ ಸಾರ್ವಜನಿಕ ಸಾರಿಗೆ ನಡೆಯುವುದು ಹೆಚ್ಚಾಗಿ ಸ್ಥಳೀಯ ಮಾರಾಟ ತೆರಿಗೆಯಿಂದ. ರಾಜ್ಯದ 6.25ರ ಮೇಲೆ ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ ಶೇ. 2ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಡಲ್ಲಾಸ್ ಪ್ರದೇಶದಲ್ಲಿ ಬಸ್ಸು, ರೈಲು ನಡೆಸುವ ಡಾರ್ಟ್ ಸಂಸ್ಥೆಗೆ ಸೇರುವ ಊರು ಆ ಎರಡರಲ್ಲಿ ಒಂದನ್ನು ಅದಕ್ಕೆ ಕೊಡಬೇಕು. ಫ್ರಿಸ್ಕೊ, ಮೆಕಿನಿಯಂತಹ ಊರುಗಳು ತಮ್ಮ ಪಾಲನ್ನು ಬೇರೆ ಕೆಲಸಗಳಿಗೆ ಬಳಸಿಕೊಂಡಿರುವುದರಿಂದ ಡಾರ್ಟ್‌ಗೆ ಸೇರಿಲ್ಲ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಆ ಊರುಗಳಿಗೆ ಭಾರತದಿಂದ ಬಂದ ತಂದೆತಾಯಂದಿರು ಕಾರಿಲ್ಲದೆ ಮನೆಯಿಂದ ಹೊರಡಲಾಗದೆ ತಿಂಗಳುಗಟ್ಟಲೆ ಕುಳಿತಿರುವುದಕ್ಕೆ ಈ ತೆರಿಗೆ ವ್ಯವಸ್ಥೆಯೂ ಒಂದು ಕಾರಣ.

ಬೇರೆ ರಾಜ್ಯಗಳು ಈ ಬಗ್ಗೆ ಬೇರೆಬೇರೆ ದಾರಿ ಹಿಡಿದಿವೆ. ವಾಷಿಂಗ್ಟನ್ ರಾಜ್ಯದ 1944ರ ತಿದ್ದುಪಡಿ ‘ಹೆದ್ದಾರಿ ಉದ್ದೇಶ’ಗಳಿಗೆ ಮಾತ್ರ ಎಂದಿತು, ಹೆದ್ದಾರಿಯ ಭಾಗವಾದ ದೋಣಿ ಸೇವೆಗಳು ಅದರಲ್ಲಿ ಸೇರಿದವು, ಬಸ್ಸು ಸೇರಲಿಲ್ಲ, 1969ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಸಾರ್ವಜನಿಕ ಸಾರಿಗೆಗೆ ಈ ಹಣ ಬಳಸಲಾಗದೆಂದು ತೀರ್ಪಿತ್ತಿತು. ಕ್ಯಾಲಿಫೋರ್ನಿಯ 1974ರಲ್ಲಿ ತಿದ್ದುಪಡಿ ಮಾಡಿ ರೈಲು ಮಾರ್ಗಗಳ ನಿರ್ಮಾಣಕ್ಕೆ ಅವಕಾಶ ಕೊಟ್ಟಿತು. ಮಿನೆಸೋಟ 2006ರಲ್ಲಿ ವಾಹನ ಮಾರಾಟ ತೆರಿಗೆಯನ್ನು ಸಾರಿಗೆಗೆ ಮೀಸಲಿಡುವಾಗಲೇ ಕನಿಷ್ಠ ಶೇ. 40 ಸಾರ್ವಜನಿಕ ಸಾರಿಗೆಗೆ, ಹೆಚ್ಚೆಂದರೆ ಶೇ. 60 ಹೆದ್ದಾರಿಗಳಿಗೆ ಎಂದು ಬರೆಯಿತು. ಇಲಿನಾಯ್ 2016ರಲ್ಲಿ ರಸ್ತೆ, ಸೇತುವೆ, ಬಸ್ಸು, ರೈಲು, ವಿಮಾನ ನಿಲ್ದಾಣ, ಬಂದರು ಎಲ್ಲವನ್ನೂ ಒಳಗೊಳ್ಳುವಂತೆ ‘ಸಾರಿಗೆ ಉದ್ದೇಶ’ವನ್ನು ವ್ಯಾಖ್ಯಾನಿಸಿ, ಆ ವಲಯದಿಂದ ಹೊರಗೆ ಹಣ ಹೋಗದಂತೆ ತಡೆಯಿತು. ನನ್ನ ದೃಷ್ಟಿಯಲ್ಲಿ ಇಲಿನಾಯ್‌ನದು ಹೆಚ್ಚು ವಿವೇಕದ ಕ್ರಮ. ಅಲ್ಲಿಯೂ ತಕರಾರು ತಪ್ಪಲಿಲ್ಲ: ಶಿಕಾಗೊ ಇರುವ ಕುಕ್ ಕೌಂಟಿ ತನ್ನ ಸಾರಿಗೆ ಸಂಬಂಧಿ ತೆರಿಗೆಗಳನ್ನು ಬೇರೆ ಉದ್ದೇಶಕ್ಕೆ ಬಳಸಿದಾಗ ರಸ್ತೆ ಗುತ್ತಿಗೆದಾರರ ಸಂಘ ದಾವೆ ಹೂಡಿತು, 2022ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸ್ಥಳೀಯ ಸರ್ಕಾರಕ್ಕೂ ತಿದ್ದುಪಡಿ ಅನ್ವಯಿಸುತ್ತದೆಂದು ಹೇಳಿತು. ಬಜೆಟ್ಟಿನ ವಿವಾದವನ್ನು ಸಂವಿಧಾನಕ್ಕೆ ಒಯ್ದರೆ ಕೊನೆಯ ಮಾತು ನ್ಯಾಯಾಧೀಶರದಾಗುತ್ತದೆ ಎಂಬುದನ್ನು ಮತದಾರರು ಅರಿತಿರಬೇಕು. ಮಿಶಿಗನ್‌ನಲ್ಲಿ 2015ರ ಮೇ ತಿಂಗಳಲ್ಲಿ ರಸ್ತೆಗಾಗಿ ಮಾರಾಟ ತೆರಿಗೆಯನ್ನು 6ರಿಂದ 7ಕ್ಕೆ ಏರಿಸುವುದರ ಜೊತೆ ಇನ್ನೂ ಹತ್ತಾರು ವಿಷಯಗಳನ್ನು ಒಂದೇ ಪ್ರಸ್ತಾವಕ್ಕೆ ಪೋಣಿಸಿದಾಗ ಸುಮಾರು ಶೇ. 80 ಮಂದಿ ಅದನ್ನು ತಿರಸ್ಕರಿಸಿದರು.

ವಿದ್ಯುತ್ ವಾಹನಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮುಂದಿನ ತಿದ್ದುಪಡಿಗಳ ಒತ್ತಡ ಅಲ್ಲಿಂದಲೇ ಬರಲಿದೆ. 2023ರ ಸೆಪ್ಟೆಂಬರಿನಿಂದ ಟೆಕ್ಸಾಸ್‌ನಲ್ಲಿ ಹೊಸ ವಿದ್ಯುತ್ ಕಾರಿನ ಮೊದಲ ನೋಂದಣಿಗೆ 400 ಡಾಲರ್, ಆಮೇಲೆ ವರ್ಷಕ್ಕೆ 200 ಡಾಲರ್ ಹೆಚ್ಚುವರಿ ಶುಲ್ಕವಿದೆ, ಅದು ಹೆದ್ದಾರಿ ನಿಧಿಗೆ ಸೇರುತ್ತದೆ. ಶಾಲೆಗೆ ಕಾಲು ಪಾಲು ಎಂಬುದು ಇಂಧನ ತೆರಿಗೆಗೆ ಮಾತ್ರ ಅನ್ವಯಿಸುತ್ತದೆ, ನೋಂದಣಿ ಶುಲ್ಕಕ್ಕೆ ಅಲ್ಲ. ಪೆಟ್ರೋಲ್ ಕಾರಿನಿಂದ ವಿದ್ಯುತ್ ಕಾರಿಗೆ ಒಬ್ಬರು ಹೋದಾಗ ರಸ್ತೆಯ ನಷ್ಟವನ್ನು ಶುಲ್ಕ ತುಂಬಿಕೊಡಬಹುದು, ಶಾಲಾ ನಿಧಿಯ ನಷ್ಟವನ್ನು ಯಾರೂ ತುಂಬುವುದಿಲ್ಲ. ಇಂಧನ ತೆರಿಗೆಯನ್ನು ಕ್ರಮೇಣ ಶುಲ್ಕಕ್ಕೆ ಅಥವಾ ಓಡಿದ ಮೈಲಿಯ ಲೆಕ್ಕಕ್ಕೆ ಬದಲಿಸುವ ಯಾವ ಪ್ರಸ್ತಾವದಲ್ಲೂ ಶಾಲೆಯ ಪಾಲು ಏನಾಯಿತೆಂದು ಕೇಳಿ.

ನಿಮ್ಮ ಊರಿನ ಅನುಭವದೊಂದಿಗೆ ಹೋಲಿಸಿ ನೋಡುವ ಕುತೂಹಲ ಸಹಜ. ಕರ್ನಾಟಕಕ್ಕೆ ಪ್ರತ್ಯೇಕ ಸಂವಿಧಾನವಿಲ್ಲ, ಭಾರತ ಸಂವಿಧಾನದ 266ನೇ ವಿಧಿಯಂತೆ ರಾಜ್ಯದ ವರಮಾನವೆಲ್ಲ ಸಂಚಿತ ನಿಧಿಗೆ ಸೇರುತ್ತದೆ, ಪೆಟ್ರೋಲ್ ಮೇಲೆ ರಾಜ್ಯ ಹಾಕುವ ಮಾರಾಟ ತೆರಿಗೆಯನ್ನು ರಸ್ತೆಗೇ ಬಳಸಬೇಕೆಂಬ ಸಾಂವಿಧಾನಿಕ ಕಟ್ಟು ಇಲ್ಲ. ಕೇಂದ್ರದ ಇಂಧನ ಸೆಸ್ ಮಾತ್ರ 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆಯಿಂದ ಮೀಸಲಾಗಿತ್ತು. 2018ರಲ್ಲಿ ಸಂಸತ್ತು ಅದನ್ನು ರಸ್ತೆ ಮತ್ತು ಮೂಲಸೌಕರ್ಯ ನಿಧಿಯೆಂದು ಬದಲಿಸಿ, ಬೇರೆ ಮೂಲಸೌಕರ್ಯಗಳಿಗೂ ತೆರೆಯಿತು. ಟೆಕ್ಸಾಸ್‌ನಲ್ಲಿ ಇಂಥ ಬದಲಾವಣೆಗೆ ಮೂರನೇ ಎರಡರಷ್ಟು ಬಹುಮತವೂ ಜನಮತವೂ ಬೇಕಾಗುತ್ತಿತ್ತು. ಭಾರತದ ಕ್ರಮ ಬೇಗ ಬದಲಾಗುತ್ತದೆ, ಆದರೆ ತೆರಿಗೆ ಕೊಟ್ಟವನನ್ನು ಯಾರೂ ಕೇಳುವುದಿಲ್ಲ. ಟೆಕ್ಸಾಸ್‌ನ ಕ್ರಮದಲ್ಲಿ ಕೇಳುತ್ತಾರೆ, ಆದರೆ ಒಮ್ಮೆ ಒಪ್ಪಿದ್ದನ್ನು ಸಡಿಲಿಸಲು ದಶಕಗಳು ಬೇಕಾಗುತ್ತವೆ.

ಹಾಗಾದರೆ ನಿಮ್ಮ ಮುಂದೆ ಒಂದು ಪ್ರಸ್ತಾವ ಬಂದಾಗ ಏನು ಮಾಡಬೇಕು? ಮತಪತ್ರದ ವಾಕ್ಯವನ್ನು ಬಿಟ್ಟು ಜಂಟಿ ನಿರ್ಣಯದ ಪೂರ್ತಿ ಪಠ್ಯ ಓದಿ; ಶಾಸಕಾಂಗದ ಕರಡು ಮತ್ತು ಸಂಶೋಧನಾ ಸಂಸ್ಥೆಯಾದ ಟೆಕ್ಸಾಸ್ ಲೆಜಿಸ್ಲೇಟಿವ್ ಕೌನ್ಸಿಲ್ ಪ್ರತಿ ತಿದ್ದುಪಡಿಗೂ ಪರ-ವಿರೋಧ ವಾದಗಳೊಂದಿಗೆ ವಿಶ್ಲೇಷಣೆ ಪ್ರಕಟಿಸುತ್ತದೆ, ಅದು ಉಚಿತ. ‘ಸಾರ್ವಜನಿಕ ರಸ್ತೆ’ ಎಂದು ಬರೆದಿದ್ದಾರೋ ‘ಸಾರಿಗೆ’ ಎಂದೋ, ಕಾಲುದಾರಿ ಮತ್ತು ಸೈಕಲ್ ಹಾದಿಗಳು ಒಳಗಿವೆಯೋ ಹೊರಗೋ ನೋಡಿ. ಸಾರ್ವಜನಿಕ ಸಾರಿಗೆಗೆ ‘ಬಳಸಬಹುದು’ ಎಂದಷ್ಟೇ ಇದ್ದರೆ ಶಾಸಕಾಂಗಕ್ಕೆ ಅವಕಾಶ ಸಿಕ್ಕಿತು, ಹಣ ಸಿಕ್ಕಿತೆಂದು ಅರ್ಥವಲ್ಲ. ಮಿನೆಸೋಟದಂತೆ ಕನಿಷ್ಠ ಪಾಲು ಬರೆದಿದ್ದರೆ ಮಾತ್ರ ಹಣ ಖಚಿತ. ಮೊತ್ತ ನಿಶ್ಚಿತವೋ ಶೇಕಡಾವಾರೋ, ಜಮೆಯ ದಿನಾಂಕ ಇದೆಯೋ ಇಲ್ಲವೋ, ಮುಕ್ತಾಯದ ವರ್ಷ ಇದೆಯೋ ಇಲ್ಲವೋ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಟೆಕ್ಸಾಸ್‌ನಷ್ಟು ವಿಸ್ತಾರವಾದ ರಾಜ್ಯದಲ್ಲಿ ಹಳ್ಳಿಗಾಡಿನ ರಸ್ತೆ ಮತ್ತು ಸೇತುವೆಗಳ ಹಣವನ್ನು ನಗರದ ರೈಲಿಗೆ ಪೂರ್ತಿ ತೆರೆದುಬಿಟ್ಟರೆ ಪಶ್ಚಿಮ ಟೆಕ್ಸಾಸ್‌ನ ತೈಲ ಲಾರಿಗಳು ಹರಿದು ಹಾಳಾದ ದಾರಿಗಳ ಗತಿಯೇನು ಎಂಬ ಆಕ್ಷೇಪದಲ್ಲಿ ನಿಜವಿದೆ. ಆದ್ದರಿಂದ 1946ರ ಇಂಧನ ತೆರಿಗೆಯನ್ನು ರಸ್ತೆಗೇ ಬಿಟ್ಟು, 2015ರ ಮಾರಾಟ ತೆರಿಗೆಯ ಭಾಗವನ್ನು ಮಾತ್ರ ಎಲ್ಲ ಬಗೆಯ ಸಾರಿಗೆಗೆ ತೆರೆಯುವ ಪ್ರಸ್ತಾವ ಬಂದರೆ ನಾನು ಅದನ್ನು ಸಂತೋಷದಿಂದ ಒಪ್ಪುತ್ತೇನೆ.

ನಿಮ್ಮ ಸುತ್ತಲಿನ ಅನೇಕ ಕನ್ನಡಿಗರು ಎಚ್-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲೆ ಇದ್ದು, ಈ ಎಲ್ಲ ತೆರಿಗೆಗಳನ್ನು ಕೊಡುತ್ತಿದ್ದರೂ ಮತ ಹಾಕಲಾರರು. ಆದರೆ ತಮ್ಮ ಕ್ಷೇತ್ರದ ಶಾಸಕರಿಗೆ ಬರೆಯಲು ಮತ್ತು ಸಮಿತಿಯ ಸಾರ್ವಜನಿಕ ವಿಚಾರಣೆಯಲ್ಲಿ ಮಾತನಾಡಲು ಪೌರತ್ವ ಬೇಕಿಲ್ಲ. ಅಧಿವೇಶನ ನಡೆಯುವುದು ಬೆಸ ವರ್ಷಗಳ ಜನವರಿಯಿಂದ 140 ದಿನ. ರಾಜ್ಯಪಾಲರು ವಿಶೇಷ ಅಧಿವೇಶನ ಕರೆಯದಿದ್ದರೆ, ಜಂಟಿ ನಿರ್ಣಯದ ಪಠ್ಯ ತಿದ್ದಲು ಸಾಧ್ಯವಿರುವುದು ಆ ದಿನಗಳಲ್ಲಿ ಮಾತ್ರ. ನವೆಂಬರಿನಲ್ಲಿ ಉಳಿಯುವುದು ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ.